ನೋವಿಗೊಂದು ಕಿವಿ: ಪುಲಿಕೇಶಿನಗರದಲ್ಲಿ ಕುಳಿತು ಯೋಚಿಸಿದ್ದು



ನೀವು ಎಂದಾದರೂ ಪುಲಿಕೇಶಿನಗರದ ಮಾಸ್ಕ್ ರಸ್ತೆಯಿಂದ ಕೋಲ್ಸ್ ಪಾರ್ಕಿನ ಕಡೆಗೆ ಬಿಡುವಾಗಿ ನಡೆದು ಹೋಗಿದ್ದರೆ, ಹೊಸ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ ಹಳೆಯ ಮನೆಗಳನ್ನು ಗಮನಿಸಿರಬಹುದು. ಎತ್ತರದ ನೆಲಗಟ್ಟು, ಮಾಡಿನ ಕೆಳಗೆ ಗಾಳಿಕಿಂಡಿ, ಒಂದು ಮನೆಗೂ ಮತ್ತೊಂದಕ್ಕೂ ನಡುವೆ ತೆರಪು. ನೋಡುವವರ ಕಣ್ಣಿಗೆ ಇದು ಆಂಗ್ಲರ ಕಾಲದ ಸೊಗಸು. ವಾಸ್ತವದಲ್ಲಿ ಇದು ಇಲಿಗೆ ಅಂಜಿದ ಊರೊಂದರ ವಾಸ್ತುಶಿಲ್ಪ. 1896ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿದ ಪ್ಲೇಗು 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕಿತು. ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು. ಆ ಭಯದಿಂದಲೇ, ಮುಂದಿನ ದಶಕದಲ್ಲಿ, ಗಾಳಿ ಬೆಳಕು ಆಡುವ ಹೊಸ ಬಡಾವಣೆಯೊಂದನ್ನು ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಬಾಲ್ಯದ ಶಿಕ್ಷಕರೂ ಅನಂತರ ಮೈಸೂರಿನ ರೆಸಿಡೆಂಟರೂ ಆಗಿದ್ದ ಸ್ಟುವರ್ಟ್ ಮಿಟ್‌ಫೋರ್ಡ್ ಫ್ರೇಜರ್ ಅವರ ಹೆಸರನ್ನಿಟ್ಟರು. ಫ್ರೇಜರ್ ಟೌನ್ ಮುಂದೆ ಪುಲಿಕೇಶಿನಗರವಾಯಿತು. ಆಟೋದವರ ಬಾಯಲ್ಲಿ ಇಂದಿಗೂ ಫ್ರೇಜರ್ ಟೌನೇ. ಪ್ಲೇಗನ್ನು ತಡೆಯುವಂಥ ಊರನ್ನು ಹೇಗೆ ಕಟ್ಟಬೇಕೆಂದು ಇಲ್ಲಿಯ ಅನುಭವದ ಮೇಲೆ ಸ್ಟೀಫನ್ಸ್ ಎಂಬ ಇಂಜಿನಿಯರರು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಈ ಚರಿತ್ರೆಯನ್ನು ನಾನು ಹೇಳುತ್ತಿರುವುದಕ್ಕೆ ಕಾರಣವಿದೆ. ಆಗಿನ ಆಡಳಿತ ರೋಗವನ್ನು ಕಂಡಿತು, ಇಲಿಯನ್ನು ಕಂಡಿತು, ಚರಂಡಿಯನ್ನು ಕಂಡಿತು. ಮನೆಗಳನ್ನು ತಪಾಸಣೆ ಮಾಡಿ, ಸೋಂಕಿತರನ್ನು ಬೇರ್ಪಡಿಸಿ, ಸತ್ತವರನ್ನು ಎಣಿಸಿತು. ಅದು ಮಾಡಿದ್ದರಲ್ಲಿ ಬಹುಪಾಲು ಬೇಕಾದ ಕೆಲಸವೇ. ಆದರೆ ರಾತ್ರೋರಾತ್ರಿ ಗಂಡನನ್ನು ಶಿಬಿರಕ್ಕೆ ಕಳಿಸಿ, ಮತ್ತೆ ಅವನ ಮುಖವನ್ನೂ ಕಾಣದ ಹೆಂಗಸಿಗೆ ಏನಾಯಿತೆಂದು ಕೇಳುವ ಅಂಕಣ ಯಾವ ದಫ್ತರದಲ್ಲಿಯೂ ಇರಲಿಲ್ಲ. ಜನ ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಬೇನೆಯನ್ನೇ ತಾಯಿಯೆಂದು ಕರೆದು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಕ್ರೈಸ್ತರು ಮೇಣದ ಬತ್ತಿ ಹಿಡಿದು ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯದ ಮೆಟ್ಟಿಲು ಹತ್ತಿದರು. ವಿದ್ಯಾವಂತರು ಇದನ್ನು ಮೌಢ್ಯವೆನ್ನುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲದವರು ಹೇಳಿಕೊಳ್ಳಲು ಒಬ್ಬಳನ್ನು ಕಂಡುಕೊಂಡರು ಎಂದು ನಾನು ಅದನ್ನು ಓದುತ್ತೇನೆ.

ಬೆಂಗಳೂರು ಪ್ಲೇಗಿನ ಹೊಸ್ತಿಲಿನಲ್ಲಿದ್ದ ಕಾಲದಲ್ಲೇ, 1895ರಲ್ಲಿ, ವಿಯೆನ್ನಾ ನಗರದ ಇಬ್ಬರು ವೈದ್ಯರು, ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್, ಹಿಸ್ಟೀರಿಯಾ ಎಂಬ ಬೇನೆಯನ್ನು ಕುರಿತು ಒಂದು ಗ್ರಂಥವನ್ನು ಹೊರತಂದರು. ಅದರಲ್ಲಿ ಆನ್ನಾ ಓ. ಎಂಬ ಗುಪ್ತನಾಮದ ಯುವತಿಯೊಬ್ಬಳ ವೃತ್ತಾಂತವಿದೆ. ಆಕೆಯ ನಿಜನಾಮ ಬೆರ್ತಾ ಪಾಪ್ಪೆನ್‌ಹೈಮ್. ರೋಗಪೀಡಿತ ತಂದೆಯ ಶುಶ್ರೂಷೆ ಮಾಡುತ್ತಾ ಮಾಡುತ್ತಾ ಈಕೆಯ ಕೈ ಮರಗಟ್ಟಿತು, ದೃಷ್ಟಿ ತೊಡಕಾಯಿತು, ಎಲ್ಲಕ್ಕಿಂತ ವಿಚಿತ್ರವೆಂದರೆ ತಾಯ್ನುಡಿಯಾದ ಜರ್ಮನ್ ಬಾಯಿಂದ ಹೊರಡದೆ ಬಹುಕಾಲ ಇಂಗ್ಲಿಷಿನಲ್ಲಿಯೇ ಮಾತನಾಡಿದಳು. ಬ್ರಾಯರ್ ಪ್ರತಿಸಂಜೆ ಹೋಗಿ ಆಕೆ ಹೇಳಿದ್ದನ್ನು ಕೇಳುತ್ತಾ ಕುಳಿತರು. ಹೇಳಿ ಮುಗಿಸಿದ ಮೇಲೆ ಆಕೆಗೆ ಹಗುರವೆನಿಸುತ್ತಿತ್ತು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನಿಟ್ಟವರು ವೈದ್ಯರಲ್ಲ, ರೋಗಿ. ಅದನ್ನು ಆಕೆ ಇಟ್ಟದ್ದೂ ಇಂಗ್ಲಿಷಿನಲ್ಲಿ. ಗ್ರಂಥದಲ್ಲಿ ಹೇಳಿರುವಷ್ಟು ಸಲೀಸಾಗಿ ಆಕೆ ಗುಣವಾಗಲಿಲ್ಲ. ಅನಂತರವೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಆದರೂ ಚೇತರಿಸಿಕೊಂಡು, 1904ರಲ್ಲಿ ಜರ್ಮನಿಯ ಯೆಹೂದಿ ಮಹಿಳೆಯರ ಒಕ್ಕೂಟವನ್ನು ಕಟ್ಟಿದ ಧೀರೆ ಆಕೆ.

ತಾಯ್ನುಡಿಯನ್ನು ಕಳೆದುಕೊಂಡ ಈ ರೋಗಿಯ ಕತೆ ನನಗೆ ಪುಲಿಕೇಶಿನಗರದಲ್ಲಿ ಮೇಲಿಂದ ಮೇಲೆ ನೆನಪಾಗುತ್ತದೆ. ಇಲ್ಲಿ ಒಂದೇ ಬೀದಿಯಲ್ಲಿ ತಮಿಳು, ದಖ್ಖನಿ ಉರ್ದು, ಕನ್ನಡ, ತೆಲುಗು, ಇಂಗ್ಲಿಷು ಒಟ್ಟಿಗೆ ಬದುಕುತ್ತವೆ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಒಂದು, ದೇವರ ಮುಂದೆ ಮತ್ತೊಂದು. ಸಂಕಟ ಬಂದಾಗ ಮನುಷ್ಯ ಯಾವ ಭಾಷೆಯಲ್ಲಿ ನರಳುತ್ತಾನೆ? ಆಸ್ಪತ್ರೆಯ ಕೊಠಡಿಯಲ್ಲಿ ಅವನಿಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಅವನು ನರಳುವ ಭಾಷೆಯಲ್ಲಿರುವುದಿಲ್ಲ. ಭಾಷೆಯ ಹೆಸರಿನಲ್ಲಿ ನಮ್ಮ ಧರ್ಮಸಭೆಯೊಳಗೇ ನಡೆದ ಜಗಳಗಳನ್ನು ಇಲ್ಲಿ ಕೆದಕುವ ಇಚ್ಛೆ ನನಗಿಲ್ಲ. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂದು ವಾದಿಸಿದಷ್ಟು ಕಾಲ, ಅಳು ಯಾವ ಭಾಷೆಯಲ್ಲಿದೆ ಎಂದು ನಾವು ಕೇಳಿಕೊಂಡಿಲ್ಲ ಎಂಬುದನ್ನು ಮಾತ್ರ, ಕನ್ನಡವನ್ನು ಪ್ರೀತಿಸುವ ಒಬ್ಬ ಗುರುವಾಗಿ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಫ್ರಾಯ್ಡರ ವಿದ್ಯೆ ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಲ್ಕತ್ತೆಯ ವೈದ್ಯರಾದ ಗಿರೀಂದ್ರಶೇಖರ ಬೋಸರು 1921ರಲ್ಲಿ, ಮನಸ್ಸು ತನಗೆ ಬೇಡವಾದುದನ್ನು ಹೇಗೆ ಅದುಮಿಡುತ್ತದೆ ಎಂಬುದನ್ನು ಕುರಿತು ಪ್ರಬಂಧ ಬರೆದು ಫ್ರಾಯ್ಡರಿಗೆ ಕಳುಹಿಸಿದರು. ಮರುವರ್ಷವೇ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಇಬ್ಬರೂ ಎಂದೂ ಭೇಟಿಯಾಗಲಿಲ್ಲ. ಪತ್ರವ್ಯವಹಾರ ಮಾತ್ರ ವರ್ಷಗಟ್ಟಲೆ ನಡೆಯಿತು. ಬೋಸರು ಶಿಷ್ಯಭಾವದಿಂದ ಬರೆದರೂ ಒಂದು ವಿಷಯದಲ್ಲಿ ಜಗ್ಗಲಿಲ್ಲ. ತಂದೆಗೆ ಅಂಜುವ ಮಗನ ಒಳಮನಸ್ಸನ್ನು ಫ್ರಾಯ್ಡರು ಚಿತ್ರಿಸಿದ ಬಗೆ ತಮ್ಮ ಭಾರತೀಯ ರೋಗಿಗಳಲ್ಲಿ ಅದೇ ರೂಪದಲ್ಲಿ ಕಾಣಿಸುತ್ತಿಲ್ಲ ಎಂದು ಅವರು ಸ್ಪಷ್ಟವಾಗಿ ತಿಳಿಸಿದರು. 1931ರಲ್ಲಿ ಫ್ರಾಯ್ಡರ 75ನೆಯ ಹುಟ್ಟುಹಬ್ಬಕ್ಕೆ ಕಲ್ಕತ್ತೆಯ ಸಂಘ ದಂತದ ವಿಷ್ಣುಮೂರ್ತಿಯೊಂದನ್ನು ಉಡುಗೊರೆಯಾಗಿ ಕಳಿಸಿತು. ಅದು ಅವರ ಬರೆವಣಿಗೆಯ ಮೇಜಿನ ಮೇಲೆ ಸ್ಥಾನ ಪಡೆಯಿತು. ಮೂರ್ತಿಯನ್ನು ಮೇಜಿನ ಮೇಲೆ ಇಟ್ಟುಕೊಂಡಷ್ಟು ಸುಲಭವಾಗಿ ಬೋಸರ ಭಿನ್ನಾಭಿಪ್ರಾಯವನ್ನು ಫ್ರಾಯ್ಡರು ಮನಸ್ಸಿನೊಳಗೆ ಇಟ್ಟುಕೊಳ್ಳಲಿಲ್ಲ ಎಂಬುದು ನನ್ನ ಅನಿಸಿಕೆ. ಕೇಳುವ ಕಲೆಯನ್ನು ಜಗತ್ತಿಗೆ ಕಲಿಸಿದವರಿಗೂ ದೂರದ ದನಿಯನ್ನು ಕೇಳುವುದು ಕಷ್ಟವೇ.

ಧರ್ಮಸಭೆಯೂ ಈ ವಿದ್ಯೆಯನ್ನು ಮೊದಲು ಅನುಮಾನದಿಂದಲೇ ಕಂಡಿತು. ದೇವರ ಮೇಲಿನ ವಿಶ್ವಾಸವನ್ನು ಭ್ರಮೆಯೆಂದು 1927ರಲ್ಲಿ ಪುಸ್ತಕ ಬರೆದವರನ್ನು ಅನುಮಾನಿಸದೆ ಇನ್ನೇನು ಮಾಡಬೇಕಿತ್ತು ಎಂದು ನೀವು ಕೇಳಬಹುದು. ಆದರೆ ಆ ಪುಸ್ತಕಕ್ಕೆ ಮರುವರ್ಷವೇ ಉತ್ತರ ಬರೆದ ಸ್ವಿಟ್ಜರ್ಲೆಂಡಿನ ಪಾದ್ರಿ ಆಸ್ಕರ್ ಫಿಸ್ಟರ್ ಫ್ರಾಯ್ಡರ ಆತ್ಮೀಯ ಗೆಳೆಯರೂ ಆಗಿದ್ದರು, ಸ್ವತಃ ಮನೋವಿಶ್ಲೇಷಕರೂ ಆಗಿದ್ದರು. ಕೊನೆಯವರೆಗೂ ಸ್ನೇಹ ಕೆಡಲಿಲ್ಲ. ಕಥೋಲಿಕರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1953ರ ಏಪ್ರಿಲ್‌ನಲ್ಲಿ ಮನೋಚಿಕಿತ್ಸಕರ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿ, ಎಚ್ಚರಿಕೆಯ ಮಾತುಗಳೊಂದಿಗೇ ಈ ಶಾಸ್ತ್ರಕ್ಕೆ ಜಾಗ ಕೊಟ್ಟರು. 1961ರಲ್ಲಿ ಗುರುಗಳು ಮನೋವಿಶ್ಲೇಷಣೆ ನಡೆಸಬಾರದೆಂಬ ಎಚ್ಚರಿಕೆ ರೋಮಿನಿಂದ ಹೊರಟಿತು. ನಾಲ್ಕೇ ವರ್ಷಗಳಲ್ಲಿ, 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ಮನಃಶಾಸ್ತ್ರದ ಅರಿವನ್ನು ಧರ್ಮಸೇವೆಯಲ್ಲಿ ಬಳಸಿಕೊಳ್ಳಿರೆಂದು ಹೇಳಿತು. ಪೋಪ್ ಫ್ರಾನ್ಸಿಸ್‌ರವರು ತಮ್ಮ 42ನೆಯ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಯೆಹೂದಿ ಮನೋವಿಶ್ಲೇಷಕಿಯೊಬ್ಬರ ಬಳಿಗೆ ಹೋಗಿದ್ದೆನೆಂದು 2017ರಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡಾಗ, ನನ್ನ ಕೆಲವು ಸಹೋದರ ಗುರುಗಳ ಮುಖದಲ್ಲಿ ಮೂಡಿದ ಗಾಬರಿಯನ್ನು ನಾನು ಮರೆತಿಲ್ಲ.

ಪಾಪನಿವೇದನೆಗೂ ಮನೋವಿಶ್ಲೇಷಣೆಗೂ ಇರುವ ಹೋಲಿಕೆಯನ್ನು ಬಹಳ ಜನ ಎತ್ತಿ ಆಡುತ್ತಾರೆ. ಇಲ್ಲಿಯೂ ಅಲ್ಲಿಯೂ ಕೇಳುವವನ ಮುಖ ಹೇಳುವವನಿಗೆ ಕಾಣದು; ಇಲ್ಲಿ ಜಾಲರಿ, ಅಲ್ಲಿ ಮಂಚದ ಹಿಂದಿನ ಕುರ್ಚಿ. ಫ್ರಾಯ್ಡರೇ 1926ರಲ್ಲಿ ಇದರ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದರು. ಪಾಪನಿವೇದನೆಯಲ್ಲಿ ಮನುಷ್ಯ ತನಗೆ ಗೊತ್ತಿರುವುದನ್ನು ಹೇಳುತ್ತಾನೆ, ವಿಶ್ಲೇಷಣೆಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ನಾನು ಮತ್ತೊಂದನ್ನು ಸೇರಿಸುತ್ತೇನೆ. ಪಾಪನಿವೇದನೆಗೆ ಬರುವವರಲ್ಲಿ ಅನೇಕರು ತಾವು ಮಾಡಿದ ತಪ್ಪನ್ನಲ್ಲ, ತಮಗಾದ ನೋವನ್ನು ಹೊತ್ತು ತರುತ್ತಾರೆ. ಪಾಪಕ್ಕೆ ನಮ್ಮ ಬಳಿ ವಿಮೋಚನೆಯ ಮಾತುಗಳಿವೆ. ನೋವಿಗೆ ಏನಿದೆ? ಗುರುಮಠದಲ್ಲಿ ನಮಗೆ ಮಾತನಾಡಲು ಏಳೆಂಟು ವರ್ಷ ಕಲಿಸಿದರು. ಪ್ರಬೋಧನೆಯ ಪರೀಕ್ಷೆಯಿತ್ತು, ತರ್ಕದ ಪರೀಕ್ಷೆಯಿತ್ತು. ಸುಮ್ಮನೆ ಕುಳಿತು ಕೇಳುವುದಕ್ಕೆ ಪರೀಕ್ಷೆ ಇರಲಿಲ್ಲ. ಇದ್ದಿದ್ದರೆ ನಾನು ಖಂಡಿತ ಅನುತ್ತೀರ್ಣನಾಗುತ್ತಿದ್ದೆ.

ಅನುತ್ತೀರ್ಣನಾದದ್ದೂ ಉಂಟು. ಗುರುದೀಕ್ಷೆ ಪಡೆದ ಮೊದಲ ವರ್ಷಗಳಲ್ಲಿ ನಾನು ಸಹಾಯಕ ಗುರುವಾಗಿದ್ದ ಒಂದು ಧರ್ಮಕೇಂದ್ರಕ್ಕೆ ಪ್ರತಿ ಶುಕ್ರವಾರ ಒಬ್ಬ ವಯಸ್ಸಾದ ತಾಯಿ ಬರುತ್ತಿದ್ದರು. ಇದು ಪಾಪನಿವೇದನೆಯಲ್ಲಿ ಕೇಳಿದ ವಿಷಯವಲ್ಲ. ಆ ತಾಯಿ ಈಗ ಬದುಕಿಲ್ಲ, ಗುರುತು ಸಿಗದಂತೆ ಬರೆಯುತ್ತಿದ್ದೇನೆ. ಆಕೆಯ ಮಾತು ಯಾವಾಗಲೂ ಒಂದೇ: “ಎದೆ ಉರಿಯುತ್ತೆ ಫಾದರ್.” ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆ. “ಡಾಕ್ಟರಿಗೆ ತೋರಿಸಿದಿರಾ ಅಮ್ಮ? ಖಾರ ಕಡಿಮೆ ಮಾಡಿ” ಎನ್ನುತ್ತಿದ್ದೆ. ಆಕೆ ಹೂಂ ಎಂದು ಹೋಗುತ್ತಿದ್ದರು. ಮುಂದಿನ ಶುಕ್ರವಾರ ಮತ್ತೆ ಎದೆಯುರಿ. ಒಂದು ವರ್ಷವಾದರೂ ನನಗೆ ಇದೇಕೆಂದು ಹೊಳೆಯಲಿಲ್ಲ.

ನಮ್ಮ ಕನ್ನಡದಲ್ಲಿ ಮನಸ್ಸಿನ ಬೇನೆಗೆ ಬೇರೆ ಹೆಸರುಗಳೇ ಕಡಿಮೆ. ಇರುವುದೆಲ್ಲ ಮೈಯ ಹೆಸರುಗಳು. ಹೊಟ್ಟೆ ಉರಿಯುತ್ತದೆ, ಕರುಳು ಹಿಂಡುತ್ತದೆ, ಎದೆ ಭಾರವಾಗುತ್ತದೆ, ತಲೆ ಬಿಸಿಯಾಗುತ್ತದೆ, ಜೀವ ಹಿಡಿಯಾಗುತ್ತದೆ. ಪಠ್ಯಪುಸ್ತಕದ ‘ಖಿನ್ನತೆ’ಯೆಂಬ ಪದವನ್ನು ಬಾಯಿಬಿಟ್ಟು ಹೇಳಿಕೊಂಡು ಬಂದ ಹಳ್ಳಿಯ ಮುದುಕಿಯನ್ನು ನಾನಂತೂ ಕಂಡಿಲ್ಲ. ಪಶ್ಚಿಮದ ಗ್ರಂಥಗಳು ಇದನ್ನು ಒಂದು ಕೊರತೆಯೆಂಬಂತೆ ಬಹಳ ಕಾಲ ಕಂಡವು: ಇವರಿಗೆ ಮನಸ್ಸಿನ ಭಾಷೆ ಬರುವುದಿಲ್ಲ, ಆದ್ದರಿಂದ ದೇಹದ ಮೂಲಕ ಮಾತನಾಡುತ್ತಾರೆ ಎಂದು. ನಮ್ಮ ನಿಮ್ಹಾನ್ಸ್ ಸಂಸ್ಥೆಯ ಡಾ. ಆರ್. ರಘುರಾಮ್ ಮತ್ತು ಅವರ ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಚಿತ್ರವನ್ನು ಮುಂದಿಟ್ಟಿತು. ಬೆಂಗಳೂರಿನ 80 ಹೊರರೋಗಿಗಳನ್ನು ಮಾತನಾಡಿಸಿ ಅವರು ಕಂಡುಕೊಂಡದ್ದು ಇಷ್ಟು: ದುಃಖ, ನಿರಾಸೆಯ ಲಕ್ಷಣಗಳು ಹೆಚ್ಚಾಗಿರುವವರಲ್ಲಿ ಕಳಂಕದ ಭಾವನೆಯೂ ಹೆಚ್ಚು, ಮೈನೋವಿನ ಲಕ್ಷಣಗಳು ಹೆಚ್ಚಾಗಿರುವವರಲ್ಲಿ ಕಳಂಕದ ಭಾವನೆ ಕಡಿಮೆ. ತಲೆನೋವು ಯಾರಿಗೆ ಬರುವುದಿಲ್ಲ? ಅದನ್ನು ಹೇಳಿಕೊಂಡರೆ ಮಗಳ ಮದುವೆ ನಿಲ್ಲುವುದಿಲ್ಲ. ಹಾಗಾದರೆ ಎದೆಯುರಿ ಎಂದವಳು ಭಾಷೆ ಬಾರದವಳಲ್ಲ, ಭಾಷೆಯನ್ನು ಬಹಳ ಎಚ್ಚರದಿಂದ ಬಳಸುವವಳು. ಯಾವುದನ್ನು ಹೇಳಬಹುದೋ ಅದನ್ನು ಹೇಳುತ್ತಾ, ಹೇಳಬಾರದ್ದನ್ನು ಯಾರಾದರೂ ಕೇಳುವರೋ ಎಂದು ಕಾಯುವವಳು.

ಇದನ್ನೆಲ್ಲ ವಿಯೆನ್ನಾದ ವೈದ್ಯರಿಗಿಂತ ಮುಂಚೆಯೇ ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರು. ಎ.ಕೆ. ರಾಮಾನುಜನ್ ಅವರು ಕನ್ನಡದ ಹೆಂಗಸರಿಂದ ಸಂಗ್ರಹಿಸಿ ಇಂಗ್ಲಿಷಿಗೆ ಕೊಂಡೊಯ್ದ ಜಾನಪದ ಕತೆಗಳಲ್ಲಿ ಒಂದು ನಿಮಗೂ ಗೊತ್ತಿರಬಹುದು. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆಕೆ ಎರಡನ್ನೂ ಯಾರಿಗೂ ಹೇಳಲಿಲ್ಲ. ಒಳಗೆ ಕೂತು ಕೂತು ಉಸಿರುಕಟ್ಟಿದ ಅವು, ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದುಬಿಟ್ಟವು. ಕತೆ ಒಂದು ಜೊತೆ ಜೋಡಾಗಿ ಬಾಗಿಲ ಹೊರಗೆ ಕುಳಿತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದು ನೋಡಿದ. ಯಾರ ಜೋಡು, ಯಾರ ಕೋಟು ಎಂದು ಕೇಳಿದ. ಆಕೆಗೆ ಗೊತ್ತಿಲ್ಲ. ಜಗಳವಾಯಿತು. ಗಂಡ ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ವಾಡಿಕೆ. ತಡವಾಗಿ ಬಂದ ಒಂದು ಕುಡಿ ತನ್ನ ಮನೆಯ ಜಗಳದ ಕಾರಣವನ್ನು ಉಳಿದವಕ್ಕೆ ಹೇಳಿತು. ಗಂಡ ಅದನ್ನು ಕೇಳಿಸಿಕೊಂಡ. ಬೆಳಗ್ಗೆ ಮನೆಗೆ ಬಂದು, ನಿನ್ನ ಕತೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ವಿಚಾರಿಸಿದ. ಯಾವ ಕತೆ, ಯಾವ ಹಾಡು ಎಂದು ಆಕೆ ಕೇಳಿದಳು. ಆಕೆ ಎರಡನ್ನೂ ಮರೆತಿದ್ದಳು.

ಈ ಕತೆಯನ್ನು ಓದಿದಾಗಲೆಲ್ಲ ನನಗೆ ಆ ಜೋಡು ಮತ್ತು ಕೋಟಿನ ಮೇಲೆಯೇ ಗಮನ. ಹೇಳದೆ ಉಳಿದದ್ದು ನಾಶವಾಗಲಿಲ್ಲ, ಗುರುತು ಸಿಗದ ವೇಷದಲ್ಲಿ ಹೊರಗೆ ಬಂತು; ನೋಡಿದವನು ಅದನ್ನು ತಪ್ಪಾಗಿ ಓದಿದ. ರೋಗಲಕ್ಷಣವೆಂಬುದು ಅದುಮಿಟ್ಟದ್ದರ ವೇಷಾಂತರವೆಂದು ಫ್ರಾಯ್ಡರು ವಾದಿಸಿದ್ದು ಇದನ್ನೇ ಅಲ್ಲವೇ? ಆದರೆ ನಮ್ಮ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸತ್ಯವನ್ನು ಗಂಡ ಕೊನೆಗೂ ತಿಳಿದ, ಆದರೆ ದೀಪದ ಬಾಯಿಂದ ತಿಳಿದ, ಹೆಂಡತಿಯ ಬಾಯಿಂದಲ್ಲ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಬೇರೆಯವರಿಂದ ಒಬ್ಬರ ದುಃಖವನ್ನು ತಿಳಿಯುವುದಕ್ಕೂ ಅವರಿಂದಲೇ ಕೇಳುವುದಕ್ಕೂ ಎಷ್ಟು ಅಂತರ!

ಈಗ ಬೆಂಗಳೂರಿನ ಪೂರ್ವಭಾಗಕ್ಕೇ ಮರಳೋಣ. 1964ನೆಯ ಇಸವಿಯನ್ನು ನೀವು ನೆನಪಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಹೊಸೂರು ರಸ್ತೆಯ ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. ಅದೇ 1974ರಲ್ಲಿ ಆಸ್ಪತ್ರೆಯೊಂದಿಗೆ ಒಂದಾಗಿ ನಿಮ್ಹಾನ್ಸ್ ಆದದ್ದು. ಅಲ್ಲಿಯ ಡಾ. ಎನ್.ಸಿ. ಸೂರ್ಯ ಅವರು ಎಸ್.ಎಸ್. ಜಯರಾಂ ಅವರೊಡನೆ 1964ರಲ್ಲಿ ಒಂದು ಪುಟ್ಟ ಲೇಖನವನ್ನು ಬರೆದರು. ಕೆಲವೇ ಪುಟಗಳ ಆ ಬರಹ ಭಾರತದಲ್ಲಿ ಮನೋಚಿಕಿತ್ಸೆ ನಡೆಸುವುದರ ಕಷ್ಟವನ್ನು ಪುಸ್ತಕದ ನೆರವಿಲ್ಲದೆ, ಎದುರಿಗೆ ಕುಳಿತ ರೋಗಿಯನ್ನು ನೋಡಿ ಹೇಳಿತು. ನಮ್ಮವನು ತನ್ನ ಒಳಮನಸ್ಸಿನ ವಿವರಣೆಗೆ ಕಾಯುವುದಿಲ್ಲ. ಎದುರಿಗಿರುವ ಸಂಕಟಕ್ಕೆ ನೇರವಾದ ಆಸರೆ ಬೇಕೆನ್ನುತ್ತಾನೆ. ಗಡಿಯಾರದ ಹೊತ್ತನ್ನು ಲೆಕ್ಕಿಸದೆ ಬಂದು ನಿಲ್ಲುತ್ತಾನೆ. ವೈದ್ಯನನ್ನು ಮನೆಯ ಹಿರಿಯನ ಸ್ಥಾನದಲ್ಲಿ ಕೂರಿಸಿ, ನೀವೇ ಒಂದು ಮಾತು ಹೇಳಿಬಿಡಿ ಎನ್ನುತ್ತಾನೆ. ಪಶ್ಚಿಮದ ಚಿಕಿತ್ಸಕ ಮುಖದಲ್ಲಿ ಭಾವ ತೋರದೆ, ಸಲಹೆ ಕೊಡದೆ ಕುಳಿತರೆ ಅದು ಅಲ್ಲಿ ಗೌರವ. ಇಲ್ಲಿ ಅದೇ ಮೌನ ತಿರಸ್ಕಾರದಂತೆ ಕಾಣಬಹುದು. ಸೂರ್ಯ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು. ಮುಂದೆ ಎಲ್ಲವನ್ನೂ ಬಿಟ್ಟು ಪುದುಚೇರಿಯ ಅರವಿಂದಾಶ್ರಮವನ್ನು ಸೇರಿದರು.

ಅದೇ 1964ರಲ್ಲಿಯೇ ಈ ನಗರದ ಕೆಲವು ವೈದ್ಯರೂ ಕ್ರೈಸ್ತ ಪಾಲಕರೂ ಒಟ್ಟಿಗೆ ಕುಳಿತು ‘ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್’ ಎಂಬ ಸಂಘವನ್ನು ಕಟ್ಟಿದರು. ಪುಲಿಕೇಶಿನಗರಕ್ಕೆ ಹೊಂದಿಕೊಂಡ ಪಾಟರಿ ರಸ್ತೆಯಲ್ಲಿ ಅದು ನೆಲೆಯೂರಿತು. ಆಸ್ಪತ್ರೆಯಿಂದ ಹೊರಬಂದವರು, ಆದರೆ ಮನೆಗೆ ಇನ್ನೂ ಹೋಗಲಾಗದವರು, ನಡುವೆ ಕೆಲಕಾಲ ಇರಲೆಂದು ಒಂದು ಪುನರ್ವಸತಿ ಮನೆಯನ್ನು ತೆರೆಯಿತು. ನಮ್ಮ ದೇಶದ ಇಂಥ ಮೊದಮೊದಲ ಮನೆಗಳಲ್ಲಿ ಅದೂ ಒಂದು. 2002ರಲ್ಲಿ ನಿಮ್ಹಾನ್ಸ್ ಮತ್ತು ರೋಟರಿಯ ಜೊತೆಗೂಡಿ, ಸಾಯಬೇಕೆನಿಸಿದವರು ಕರೆ ಮಾಡಿ ಮಾತನಾಡಲೆಂದು ‘ಸಹಾಯ್’ ಎಂಬ ದೂರವಾಣಿ ಸೇವೆಯನ್ನೂ ಆರಂಭಿಸಿತು. ವೈದ್ಯ ಮತ್ತು ಪಾಲಕ ಎಂಬ ಎರಡು ಪದಗಳು ಒಂದೇ ಫಲಕದ ಮೇಲೆ ಜೊತೆಯಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ವೈದ್ಯರು ನಮ್ಮನ್ನು ಮಂತ್ರವಾದಿಗಳ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ನಾವು ಅವರನ್ನು ಆತ್ಮವನ್ನು ಒಪ್ಪದ ಗುಳಿಗೆಗಾರರೆಂದು ತಿಳಿದಿದ್ದೆವು. ಅದೇ ವರ್ಷದ ಸುಮಾರಿಗೆ, ದೂರದ ಅಹಮದಾಬಾದಿನಲ್ಲಿ, ಗಾಂಧೀಜಿಯನ್ನು ಕುರಿತು ಬರೆಯಲು ಬಂದಿದ್ದ ಎರಿಕ್ ಎರಿಕ್‌ಸನ್‌ರನ್ನು ಭೇಟಿಯಾದ ಇಂಜಿನಿಯರಿಂಗ್ ಪದವೀಧರ ಸುಧೀರ್ ಕಾಕರ್ ತಮ್ಮ ಬದುಕಿನ ದಾರಿಯನ್ನೇ ಬದಲಿಸಿದರು. 2024ರಲ್ಲಿ ತೀರಿಕೊಂಡ ಕಾಕರರು ಭಾರತೀಯರ ಒಳಲೋಕವನ್ನು ಕುರಿತು ಬರೆದ ಪುಸ್ತಕ 1978ರಲ್ಲಿ ಬಂತು. ಓಝಾಗಳನ್ನೂ ಸಂತರನ್ನೂ ವೈದ್ಯರನ್ನೂ ಒಂದೇ ಗೌರವದಿಂದ ಕಂಡ ಗ್ರಂಥ 1982ರಲ್ಲಿ.

ಗೌರವದಿಂದ ಕಾಣಬೇಕು, ನಿಜ, ಆದರೆ ಎಲ್ಲಿಯವರೆಗೆ? ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಔಷಧವಿಲ್ಲದೆ, ದೇವಾಲಯದ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಮನೆಯವರೊಬ್ಬರ ಜೊತೆಗೆ ಅಲ್ಲಿದ್ದವರ ರೋಗಲಕ್ಷಣ ಸರಾಸರಿ ಶೇಕಡಾ 20ರಷ್ಟು ಇಳಿದಿತ್ತು. ಇದನ್ನು ಓದಿ ಸಂತೋಷಪಟ್ಟ ನನ್ನಂಥವರು ಅದಕ್ಕೆ ಒಂದೇ ವರ್ಷದ ಹಿಂದೆ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿಯಲ್ಲಿ ನಡೆದುದನ್ನು ಮರೆಯುವಂತಿಲ್ಲ. ಅಲ್ಲಿಯ ದರ್ಗಾದ ಆಸುಪಾಸಿನಲ್ಲಿದ್ದ ಖಾಸಗಿ ಮನೆಯೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಿಂದ ಕಟ್ಟಿಹಾಕಿದ್ದ ರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಕೂಗಿರಬೇಕು, ಖಂಡಿತ ಕೂಗಿರಬೇಕು. ಹುಚ್ಚರ ಕೂಗಿಗೆ ಕಿವಿಗೊಡದಿರುವುದು ಆ ಊರಿಗೆ ರೂಢಿಯಾಗಿತ್ತೋ ಏನೋ. ನಮ್ಮ ಪುಣ್ಯಕ್ಷೇತ್ರಗಳಲ್ಲಿಯೂ ಪ್ರಾರ್ಥನಾಕೂಟಗಳಲ್ಲಿಯೂ ಬಳಲಿದ ಮನಸ್ಸಿನವರನ್ನು ದೆವ್ವ ಹಿಡಿದವರೆಂದು ಬೆದರಿಸುವ, ನುಂಗುತ್ತಿದ್ದ ಮಾತ್ರೆಯನ್ನು ಬಿಡಿಸುವ ಪ್ರಸಂಗಗಳು ಇಲ್ಲವೆಂದು ಎದೆ ಮುಟ್ಟಿ ಹೇಳುವ ಧೈರ್ಯ ನನಗಿಲ್ಲ. ಮಾನಸಿಕ ಆರೋಗ್ಯ ಪಾಲನೆಯ 2017ರ ಕಾಯಿದೆ ಸರಪಳಿಯನ್ನು ನಿಷೇಧಿಸಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತಲ್ಲ, ತೀವ್ರ ಒತ್ತಡಕ್ಕೆ ಸಿಲುಕಿದವರಂತೆ ಕಾಣಬೇಕೆಂದಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಧರ್ಮಕೇಂದ್ರದ ಫಲಕದ ಮೇಲೆ ಈ ಸಂಖ್ಯೆ ಇಲ್ಲದಿದ್ದರೆ ನಾಳೆಯೇ ಬರೆಸಿ.

ಪವಿತ್ರ ಗ್ರಂಥದಲ್ಲಿ ಯೋಬನ ಮೂವರು ಗೆಳೆಯರನ್ನು ನಾವು ಪ್ರಬೋಧನೆಗಳಲ್ಲಿ ಬೈಯುವುದು ವಾಡಿಕೆ. ಆದರೆ ಅವರು ಮೊದಲ ಏಳು ದಿನ ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತರು ಎಂಬುದನ್ನು ಮರೆಯುತ್ತೇವೆ. ಅಷ್ಟು ದಿನ ಅವರು ಒಳ್ಳೆಯ ಗೆಳೆಯರಾಗಿದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಎಮ್ಮಾವುಸಿನ ದಾರಿಯಲ್ಲಿ ಪ್ರಭು ಮಾಡಿದ್ದೂ ಗಮನಾರ್ಹ. ಜೆರುಸಲೇಮಿನಲ್ಲಿ ನಡೆದದ್ದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಏನಾಯಿತೆಂದು ಆ ಇಬ್ಬರನ್ನು ಕೇಳುತ್ತಾರೆ, ಅವರ ಸೋತ ಕತೆಯನ್ನು ಪೂರ್ತಿ ಹೇಳಗೊಡುತ್ತಾರೆ. ವಿವರಣೆ ಅನಂತರ.

ಆ ತಾಯಿಯ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ಧರ್ಮಕೇಂದ್ರಕ್ಕೆ ಬರುತ್ತಿದ್ದ, ಆಪ್ತಸಲಹೆಯಲ್ಲಿ ತರಬೇತಿ ಪಡೆದಿದ್ದ ಒಬ್ಬ ಹಿರಿಯ ಕನ್ಯಾಸ್ತ್ರೀ ಒಂದು ಶುಕ್ರವಾರ ಆಕೆಯ ಪಕ್ಕದ ಬೆಂಚಿನಲ್ಲಿ ಕುಳಿತರು. ಆಕೆಯ ತಾಯ್ನುಡಿ ತಮಿಳು. ಸಿಸ್ಟರ್ ತಮಿಳಿನಲ್ಲಿಯೇ ಮಾತನಾಡಿಸಿದರು. ಎದೆ ಯಾವಾಗಿನಿಂದ ಉರಿಯುತ್ತಿದೆ ಎಂದಷ್ಟೇ ಕೇಳಿದರಂತೆ. ಇಪ್ಪತ್ತರ ಮಗ ತಂದೆಯೊಡನೆ ಜಗಳವಾಡಿ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷವಾಗಿತ್ತು. ಅವನ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ಗಂಡನ ಆಣೆ. ಹೋದದ್ದು ಒಂದು ಶುಕ್ರವಾರ. ಸಿಸ್ಟರ್ ಇದನ್ನು ನನಗೆ ಹೇಳಿದ್ದು ಆ ತಾಯಿಯ ಅನುಮತಿ ಪಡೆದೇ. ಜೊತೆಗೆ ಆಕೆ ನನ್ನ ಬಗ್ಗೆ ಆಡಿದ್ದ ಒಂದು ಮಾತನ್ನೂ ತಿಳಿಸಿದರು: “ಫಾದರ್ ತುಂಬಾ ಒಳ್ಳೆಯವರು, ಆದರೆ ಅವರಿಗೆ ಯಾವಾಗಲೂ ಮುಂದಿನ ಪೂಜೆಗೆ ಹೊತ್ತಾಗಿರುತ್ತೆ.”

ಗುಡಿಯಲ್ಲಿ ದೀಪದ ಬಾಯಿಂದ ಕೇಳಿದ ಗಂಡನ ಪಾಡು ನನ್ನದಾಯಿತು. ಮುಂದಿನ ಶುಕ್ರವಾರ ಆಕೆ ಬಂದಾಗ, ಎಲ್ಲ ತಿಳಿದವನಂತೆ ಮಾತನಾಡುವುದೋ ಏನೂ ತಿಳಿಯದವನಂತೆ ಇರುವುದೋ ಎಂದು ಗೊಂದಲಕ್ಕೆ ಬಿದ್ದೆ. ಕೊನೆಗೆ ಪಕ್ಕದಲ್ಲಿ ಕುಳಿತು, ನನ್ನ ಹರುಕುಮುರುಕು ತಮಿಳಿನಲ್ಲಿ, ಮಗನ ಹೆಸರೇನಮ್ಮ ಎಂದು ಕೇಳಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಪೂಜೆಯ ಗಂಟೆ ಬಾರಿಸಿತು, ನಾನು ಏಳಲಿಲ್ಲ. ಆಮೇಲೆ ಆಕೆ ಆ ಹೆಸರನ್ನು ಹೇಳಿದರು. ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿ, ಹೊರಗೆ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವವರಂತೆ.